ಇಳಿದು ಮರಳುವ ಜ್ವರ

ಫ್ಲೂ ಜ್ವರವು ಬಹುಪಾಲು ಜನರಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೆಮ್ಮು, ನಿತ್ರಾಣಗಳು ಮಾತ್ರ ಎರಡು ವಾರಗಳವರೆಗೂ ಉಳಿಯಬಹುದು. ಆದರೆ ಕೆಲವರಿಗೆ, ರೋಗ ವಾಸಿಯಾಯಿತೆಂದು ಮನೆಯವರು ನೆಮ್ಮದಿ ತಾಳುವ ಹೊತ್ತಿನಲ್ಲಿಯೇ, ಜ್ವರ ಮತ್ತೆ ಏರುತ್ತದೆ. ಹಳೆಯ ಜ್ವರದ ಶೇಷವೆಂದು ಇದನ್ನು ಅಲಕ್ಷಿಸುವವರು ಬಹಳ. ವೈರಾಣುವಿನಿಂದ ಘಾಸಿಗೊಂಡ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾಗಳು ಇಳಿದು ನ್ಯುಮೋನಿಯಾ ಉಂಟಾಗಿರುವ ಸಂಭವವನ್ನು ಇಲ್ಲಿ ಮೊದಲು ಶಂಕಿಸಬೇಕು.

ಈ ಬ್ಯಾಕ್ಟೀರಿಯಾಗಳು ಹೊರಗಿನಿಂದಲೇ ಬರಬೇಕೆಂದಿಲ್ಲ. ನ್ಯುಮೊಕಾಕಸ್, ಸ್ಟೆಫೈಲೊಕಾಕಸ್ ಮುಂತಾದವು ಆರೋಗ್ಯವಂತರ ಮೂಗು, ಗಂಟಲುಗಳಲ್ಲಿಯೂ ಯಾವ ಬಾಧೆಯನ್ನೂ ಕೊಡದೆ ನೆಲೆಸಿರುವುದುಂಟು. ನಮ್ಮ ಶ್ವಾಸನಾಳದ ಒಳಪದರದಲ್ಲಿ ಅತಿ ಸೂಕ್ಷ್ಮವಾದ ರೋಮಗಳಿವೆ. ಗಾಳಿಗೆ ಪೈರು ತೊನೆಯುವಂತೆ ಅವು ಎಡೆಬಿಡದೆ ಬಾಗುತ್ತ, ಧೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಫ್ಲೂ ವೈರಾಣುವು ಈ ಪದರದ ಜೀವಕೋಶಗಳನ್ನೇ ನಾಶಪಡಿಸುತ್ತದೆ. ಆಗ ಲೋಳೆ ನಿಂತಲ್ಲಿಯೇ ನಿಲ್ಲುತ್ತದೆ. ಬ್ಯಾಕ್ಟೀರಿಯಾಗಳು ಕೆಳಗಿಳಿದು, ಬರಿದಾದ ಪದರಕ್ಕೆ ಅಂಟಿ ವೃದ್ಧಿಸುತ್ತವೆ. ವೈರಾಣುವಿನೊಡನೆ ಸೆಣಸುತ್ತಿರುವ ದೇಹಕ್ಕೆ ಬ್ಯಾಕ್ಟೀರಿಯಾಗಳನ್ನು ನುಂಗಿ ಹಾಕುವ ಶಕ್ತಿಯೂ ಆ ದಿನಗಳಲ್ಲಿ ತಗ್ಗಿರುತ್ತದೆ.

1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆ ಮಹಾಮಾರಿಯ ಕಾಲದಿಂದ ಕಾಪಿಟ್ಟಿದ್ದ ಶ್ವಾಸಕೋಶದ ತುಣುಕುಗಳನ್ನೂ ಶವಪರೀಕ್ಷೆಯ ವರದಿಗಳನ್ನೂ ಅಮೆರಿಕದ ವಿಜ್ಞಾನಿಗಳು ಮರುಪರಿಶೀಲಿಸಿ, ಬಹುಪಾಲು ಸಾವುಗಳಿಗೆ ಬ್ಯಾಕ್ಟೀರಿಯಾ ನ್ಯುಮೋನಿಯಾವೇ ಕಾರಣವಾಗಿರಬೇಕೆಂದು 2008ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್ ಬೆಳಕಿಗೆ ಬಂದದ್ದು 1928ರಲ್ಲಿ; ಅಂದಿನ ವೈದ್ಯರ ಕೈಯಲ್ಲಿ ಔಷಧವೇ ಇರಲಿಲ್ಲ.

ಇಂದು ಔಷಧವಿದೆ, ಅದರ ದುರುಪಯೋಗವೂ ಇದೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಜೊತೆಗಿದ್ದವರು ಶೇ. 8ರಷ್ಟು ಮಾತ್ರ; ಆದರೆ ಆ್ಯಂಟಿಬಯಾಟಿಕ್ ಪಡೆದವರು ಸುಮಾರು ಶೇ. 75ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ತಿಳಿಸಿತು. ನೆಗಡಿಯ ಮೊದಲ ದಿನವೇ ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ನುಂಗುವುದು ನಮ್ಮಲ್ಲಿಯೂ ರೂಢಿಯಾಗಿದೆ. ಅದು ವೈರಾಣುವನ್ನು ಕೊಲ್ಲದು, ಮುಂದೆ ಬರಬಹುದಾದ ನ್ಯುಮೋನಿಯಾಕ್ಕೆ ರಕ್ಷಣೆಯನ್ನೂ ಕೊಡದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಮ್ಮ ಮೈಯಲ್ಲಿಯೇ ಬೆಳೆಸುತ್ತದೆ. ಕಫದ ಬಣ್ಣ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಆ ಮಾತ್ರೆ ಬೇಕೆಂದೂ ಅಲ್ಲ.

ಆದರೆ ಇಳಿದ ಜ್ವರ ನಡುಕದೊಡನೆ ಮರಳಿದರೆ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾದರೆ, ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ವೃದ್ಧರ ವಿಷಯದಲ್ಲಿ ನಾವು ಇನ್ನಷ್ಟು ಎಚ್ಚರದಿಂದಿರಬೇಕು. ಅವರಿಗೆ ಜ್ವರವೇ ಬಾರದಿರಬಹುದು. ಊಟ ಬಿಡುವುದು, ಮಾತು ತಡವರಿಸುವುದು, ದಿನವಿಡೀ ಮಂಪರಿನಲ್ಲಿರುವುದು ಇವೇ ಲಕ್ಷಣಗಳಾಗಿರುತ್ತವೆ. ಅರವತ್ತು ದಾಟಿದವರೂ ಮಧುಮೇಹ, ಹೃದ್ರೋಗ, ಆಸ್ತಮಾ ಇರುವವರೂ ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ಶಿಶುಗಳಿಗೆ ನ್ಯುಮೊಕಾಕಸ್ ಲಸಿಕೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತಿದೆ.

ಮಕ್ಕಳ ಉಸಿರನ್ನು ತಾಯಂದಿರು ಮನೆಯಲ್ಲಿಯೇ ಎಣಿಸಬಹುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಸರಿಸಿ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ನೋಡಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಇಷ್ಟು ಅಥವಾ ಇದಕ್ಕೂ ಹೆಚ್ಚು ಉಸಿರು ಎಣಿಕೆಗೆ ಬಂದರೆ, ಪಕ್ಕೆಗಳ ಕೆಳಭಾಗ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ರಾತ್ರಿಯಾದರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.