ಜಪಾನಿ ಅಕ್ಷರಕ್ಕೆ ಚೀನಿ ವೇಷ

ಜಪಾನಿ ಅಕ್ಷರಗಳು ಚೀನಿ ರೂಪದಲ್ಲಿ ಕಾಣುತ್ತಿವೆ ಎಂಬ ನಿಮ್ಮ ಅನುಮಾನ ಸರಿ. ಮೂಳೆ ಎಂಬರ್ಥದ 'ಹೊನೆ' ಅಕ್ಷರವನ್ನು ದೊಡ್ಡದು ಮಾಡಿ ನೋಡಿ: ತಲೆಯೊಳಗಿನ ಪುಟ್ಟ ಮೂಲೆ ಜಪಾನಿನಲ್ಲಿ ಬಲಕ್ಕೆ, ಚೀನಾದ ಮುದ್ರಣದಲ್ಲಿ ಎಡಕ್ಕೆ. ಯೂನಿಕೋಡ್ ಎರಡಕ್ಕೂ ಒಂದೇ ಸಂಕೇತ ಕೊಟ್ಟಿರುವುದರಿಂದ ರೂಪ ಯಾವುದೆಂದು ತೀರ್ಮಾನಿಸುವುದು ಫಾಂಟ್. ನಿಮ್ಮ ಉಬುಂಟುವಿನಲ್ಲಿ ಚೀನಿ ಫಾಂಟ್ ಸರದಿಯಲ್ಲಿ ಮುಂದಿದೆ, ಅಷ್ಟೆ.

ಇದನ್ನು ಸರಿಪಡಿಸಲು ನೋಟೋ ಸಿಜೆಕೆ ಫಾಂಟ್ ಪ್ಯಾಕೇಜ್ ಹಾಕಿಕೊಂಡರಷ್ಟೇ ಸಾಲದು, ಬಹಳಷ್ಟು ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಫಾಂಟ್‌ಗಳ ಸರದಿ ನಿರ್ಧರಿಸುವ, ಹೋಮ್ ಫೋಲ್ಡರಿನ ಫಾಂಟ್‌ಕಾನ್ಫಿಗ್ ಕಡತದಲ್ಲಿ ಮೊದಲು ನಿಮ್ಮ ಇಂಗ್ಲಿಷ್ ಫಾಂಟ್, ನಂತರ ಹೆಸರಿನ ಕೊನೆಗೆ 'ಜೆಪಿ' ಇರುವ ನೋಟೋ ಬರೆಯಿರಿ. ಕ್ರಮ ತಪ್ಪಿದರೆ ಇಂಗ್ಲಿಷ್ ಅಕ್ಷರಗಳ ರೂಪವೂ ಬದಲಾದೀತು.

ಸಣ್ಣ ಗಾತ್ರದಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಹಳೆಯ ಫಾಂಟಿನೊಳಗಿನ ಬಿಟ್‌ಮ್ಯಾಪ್‌ನ ಕಾಟವಿರಬಹುದು. ಅದೇ ಕಡತದಲ್ಲಿ 'ಎಂಬೆಡೆಡ್‌ಬಿಟ್‌ಮ್ಯಾಪ್' ಆಯ್ಕೆಯನ್ನು 'ಫಾಲ್ಸ್' ಮಾಡಿ. ಆಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ.