ಐದು ಗಂಟೆಯ ತನಕ ಸಂತೆಯಲ್ಲಿ ನಿಂತವರು

ವಾಕ್ಯಭಾಗ: ಮತ್ತಾಯ 20:1-16, ಅಪೊಸ್ತಲರ ಕೃತ್ಯಗಳು 18:1-3
ಭಾನುವಾರ ಬೆಳಿಗ್ಗೆ ಬಸವಕಲ್ಯಾಣದ ಆರಾಧನೆಯಲ್ಲಿ, ಸಂಜೆ ಹುಮನಾಬಾದಿನ ಪ್ರಾರ್ಥನಾ ಕೂಟದಲ್ಲಿ ಕೊಟ್ಟ ಸಂದೇಶ

ಎಲ್ಲರೂ ಬೈಬಲ್ ತೆರೆಯಿರಿ, ಮತ್ತಾಯನ ಸುವಾರ್ತೆ 20ನೇ ಅಧ್ಯಾಯ. ಮೊಬೈಲಿನಲ್ಲಿ ಓದೋರು ಮೊಬೈಲಿನಲ್ಲೇ ತೆಗೀರಿ, ಆದ್ರೆ ವಾಟ್ಸಾಪ್ ಬಂದ್ ಮಾಡ್ರಿ.

ಈ ವಾರ ನಮ್ಮ ಸಭೆಯಿಂದ ನಾಲ್ಕು ಮಂದಿ ಮಕ್ಕಳು ಊರು ಬಿಡ್ತಿದ್ದಾರೆ. ಇಬ್ಬರು ಬೆಂಗಳೂರಿಗೆ, ಒಬ್ಬ ಪುಣೆಗೆ, ಒಬ್ಬ ತಂಗಿ ಹೈದರಾಬಾದಿಗೆ. ಒಬ್ಬನದು ಐಟಿಐ ಆಗಿದೆ, ಒಬ್ಬನದು ಡಿಪ್ಲೊಮಾ, ಇನ್ನಿಬ್ಬರು ಡಿಗ್ರಿ ಮುಗಿಸಿದ್ದಾರೆ. ಅವರ ತಾಯಂದಿರು ಬಂದು, "ಪಾಸ್ಟರ್ ಅಣ್ಣಾ, ಹೋದ ಕೂಡ್ಲೇ ನೌಕರಿ ಸಿಗೋ ಹಂಗ ಪ್ರಾರ್ಥನಾ ಮಾಡ್ರಿ" ಅಂದರು. ಖಂಡಿತ ಮಾಡ್ತೇನೆ. ಆದರೆ ಅವರ ತಲೆಯ ಮೇಲೆ ಕೈ ಇಡುವುದಕ್ಕಿಂತ ಮೊದಲು ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಹುಮನಾಬಾದ್ ಕಡೆಯ ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದ. ಪೀಣ್ಯದ ಕಡೆ ಒಂದು ಖೋಲಿಯಲ್ಲಿ ಐದು ಜನ. ದಿನಾ ಬೆಳಿಗ್ಗೆ ಬಯೊಡೇಟಾ ಹಿಡಿದು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ. ಎಂಟು ತಿಂಗಳು ಹೀಗೇ. ಎಲ್ಲಾ ಕಡೆ ಕೇಳುವ ಮಾತು ಒಂದೇ, "ಅನುಭವ ಇದೆಯಾ?" ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕ್ರಿ? ಅವನು ನನಗೆ ಫೋನ್ ಮಾಡಿ ಅತ್ತ. ಆಗ ನಾನು ಏನು ಹೇಳಿದೆ ಗೊತ್ತಾ? "ತಮ್ಮಾ, ನಿನ್ನ ವಿಶ್ವಾಸದಲ್ಲಿ ಏನೋ ಕೊರತೆ ಇದೆ, ಪರೀಕ್ಷಿಸಿಕೋ" ಅಂದೆ. ಮುಂದಿನ ತಿಂಗಳು ಯಾರೋ ಏಜೆಂಟ್ ಸಿಕ್ಕಿದ. ಇಪ್ಪತ್ತೈದು ಸಾವಿರ ಕೊಟ್ಟರೆ ದೊಡ್ಡ ಕಂಪನಿಯಲ್ಲಿ ಪರ್ಮನೆಂಟ್ ಅಂದ. ಹುಡುಗ ನನ್ನನ್ನು ಕೇಳಲಿಲ್ಲ. ಯಾಕೆ ಕೇಳ್ತಾನೆ? ಕೇಳಿದರೆ ಮತ್ತೆ ವಿಶ್ವಾಸ ಇಲ್ಲ ಅಂತೇನೆ ಅಂತ ಅವನಿಗೆ ಗೊತ್ತಿತ್ತು. ಅವರ ತಾಯಿ ಕಿವಿಯ ಬಂಗಾರ ಅಡವಿಟ್ಟು ಹಣ ಕಳಿಸಿದರು. ಏಜೆಂಟ್ ಫೋನ್ ಬಂದ್ ಆಯ್ತು. ಆ ಹುಡುಗ ಇವತ್ತಿಗೂ ಸಭೆಗೆ ಬರೋದಿಲ್ಲ. ಅವನ ಮನೆಗೆ ಹೋಗಿ ನಾನು ಕ್ಷಮೆ ಕೇಳಿದ್ದೇನೆ. ಚಹಾ ಕೊಟ್ಟ, ಮಾತು ಕಡಿಮೆ ಆಡಿದ.

ಅದಾದ ಮೇಲೆ ಈ ಸಾಮ್ಯವನ್ನು ನಾನು ಹೊಸದಾಗಿ ಓದಿದೆ. ನೋಡ್ರಿ, ಒಬ್ಬ ಮನೆಯ ಯಜಮಾನ ದ್ರಾಕ್ಷೇತೋಟಕ್ಕೆ ಕೂಲಿಯಾಳುಗಳನ್ನು ಕರೆಯಲು ಬೆಳಗಾಗುತ್ತಲೇ ಹೊರಡುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಅದು ಆ ಕಾಲದ ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಊಟ. ಮತ್ತೆ ಒಂಬತ್ತು ಗಂಟೆಗೆ ಹೋಗುತ್ತಾನೆ, ಹನ್ನೆರಡಕ್ಕೆ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ. ಕೊನೆಗೆ ಸಂಜೆ ಐದಕ್ಕೆ ಹೋದಾಗಲೂ ಕೆಲವರು ಇನ್ನೂ ನಿಂತಿದ್ದಾರೆ. ಇಡೀ ದಿನ ಇಲ್ಲಿ ಸುಮ್ಮನೆ ಯಾಕೆ ನಿಂತಿದ್ದೀರಿ ಅಂತ ಕೇಳುತ್ತಾನೆ. ಅವರ ಉತ್ತರ ಏಳನೇ ವಚನದಲ್ಲಿ ಇದೆ, ನೀವೇ ಓದಿಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, "ನಮ್ಮನ್ನ ಯಾರೂ ಕರೀಲಿಲ್ರಿ."

ಹೈದರಾಬಾದಿನಲ್ಲಿ ಕೂಲಿಯವರು ನಿಲ್ಲುವ ಅಡ್ಡಾ ನೋಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಬುತ್ತಿ ಕಟ್ಟಿಕೊಂಡು, ಸಾಮಾನು ಹಿಡಕೊಂಡು ನಿಂತಿರ್ತಾರೆ. ಹತ್ತು ಗಂಟೆಯ ಮೇಲೆ ಗುತ್ತೇದಾರ ಬರೋದು ಕಡಿಮೆ. ಹನ್ನೆರಡಾದ ಮೇಲೂ ನಿಂತವನು ಯಾಕೆ ನಿಂತಿರ್ತಾನೆ? ಬರಿಗೈಲಿ ಮನೆಗೆ ಹೋಗೋಕೆ ಮುಖ ಇರೋದಿಲ್ಲ, ಅದಕ್ಕೆ. ಐದು ಗಂಟೆಯ ತನಕ ಸಂತೆಯಲ್ಲಿ ನಿಂತವನು ಸೋಮಾರಿ ಅಲ್ಲ, ದೇವಜನರೇ. ಸೋಮಾರಿ ಮಧ್ಯಾಹ್ನಕ್ಕೇ ಮನೆಗೆ ಹೋಗಿ ಮಲಗಿರ್ತಾನೆ.

ಯಜಮಾನ ಅವರ ಉತ್ತರ ಕೇಳಿ ಏನು ಮಾಡಿದ ಅಂತ ಗಮನಿಸಿರಿ. ನಂಬಿದ. ಬೆಳಿಗ್ಗೆ ಎಲ್ಲಿ ಸತ್ತಿದ್ದೀರಿ ಅನ್ನಲಿಲ್ಲ. ನಿಮ್ಮಲ್ಲೇ ಏನೋ ದೋಷ ಇದೆ, ಇಲ್ಲದಿದ್ರೆ ಯಾರಾದ್ರೂ ಕರೀತಿದ್ರು ಅನ್ನಲಿಲ್ಲ. ಅದನ್ನು ಅಂದವನು ನಾನು.

ಇನ್ನೊಂದು ವಚನವನ್ನು ನಾವು ತಪ್ಪಾಗಿ ಹಿಡಿದು ಹೊಡೀತೇವೆ. 2 ಥೆಸಲೊನೀಕ 3:10. ಕೆಲಸ ಮಾಡದವನು ಊಟ ಮಾಡಬಾರದು ಅಂತ ಮನೆಯಲ್ಲಿ ಅಪ್ಪ ಮಗನಿಗೆ ತಟ್ಟೆಯ ಮುಂದೆ ಹೇಳ್ತಾನೆ. ಸರಿಯಾಗಿ ಓದಿರಿ. ಪೌಲನು ಅಲ್ಲಿ ಹೇಳುವುದು ಕೆಲಸ ಮಾಡಲು ಮನಸ್ಸಿಲ್ಲದವನ ವಿಷಯ. ಕೆಲಸ ಸಿಗದವನ ವಿಷಯ ಅಲ್ಲವೇ ಅಲ್ಲ. ಊಟಕ್ಕೆ ಕೂತ ಮಗನಿಗೆ ಈ ವಚನ ಹೇಳಿದ ತಂದೆ ಯಾರಾದ್ರೂ ಇಲ್ಲಿದ್ದರೆ, ಇವತ್ತು ಮನೆಗೆ ಹೋಗಿ ಒಂದು ರೊಟ್ಟಿ ಹೆಚ್ಚಿಗೆ ಹಾಕ್ರಿ.

ಹಾಗಾದ್ರೆ ಸುಮ್ಮನೆ ಕೂತು ಕಾಯಬೇಕಾ? ಇಲ್ಲ. ಯೋಸೇಫನನ್ನು ನೋಡೋಣ, ಆದಿಕಾಂಡ 40. ಸೆರೆಮನೆಯಲ್ಲಿ ಪಾನದಾಯಕರ ಮುಖ್ಯಸ್ಥನ ಕನಸಿನ ಅರ್ಥ ಹೇಳಿದ ಮೇಲೆ, ನಿನಗೆ ಒಳ್ಳೇದಾದಾಗ ಫರೋಹನ ಮುಂದೆ ನನ್ನ ಹೆಸರು ಹೇಳು ಅಂತ ಬೇಡಿಕೊಂಡ. ನಾವು ಇವತ್ತು ರೆಫರೆನ್ಸ್ ಅನ್ನುತ್ತೇವಲ್ಲ, ಅದೇ. ಕೆಲವರು ಇದನ್ನು ಯೋಸೇಫನ ಅಪನಂಬಿಕೆ ಅಂತ ಬೋಧಿಸ್ತಾರೆ. ಬೈಬಲ್ ಎಲ್ಲಿಯೂ ಹಾಗೆ ಹೇಳಿಲ್ಲ. ಆ ಮನುಷ್ಯ ಎರಡು ವರ್ಷ ಮರೆತುಬಿಟ್ಟ, ಅದು ಅವನ ತಪ್ಪು. ಕೇಳಿದ್ದು ಯೋಸೇಫನ ತಪ್ಪಲ್ಲ. ಆದ್ದರಿಂದ ತಮ್ಮಂದಿರೇ, ಗೊತ್ತಿದ್ದವರನ್ನ ಕೇಳ್ರಿ. ಮರೆತರೆ ಇನ್ನೊಮ್ಮೆ ನೆನಪು ಮಾಡ್ರಿ. ನಾಚಿಕೆ ಪಡಬ್ಯಾಡ್ರಿ.

ಈಗ ಅಪೊಸ್ತಲರ ಕೃತ್ಯಗಳು 18ಕ್ಕೆ ಬರ್ರಿ. ಪೌಲನು ಅಥೇನೆಯನ್ನು ಬಿಟ್ಟು ಕೊರಿಂಥಕ್ಕೆ ಬರುತ್ತಾನೆ. ಕೊರಿಂಥ ಅಂದ್ರೆ ಸಣ್ಣ ಊರಲ್ಲ. ಎರಡು ಕಡೆ ಎರಡು ಬಂದರು ಇದ್ದ ವ್ಯಾಪಾರದ ಪಟ್ಟಣ. ಅಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡಹೆಂಡತಿ ಸಿಗುತ್ತಾರೆ. ಅವರೂ ಆ ಊರಿನವರಲ್ಲ. ಅಕ್ವಿಲ ಹುಟ್ಟಿದ್ದು ಪೊಂತದಲ್ಲಿ, ದುಡಿಯುತ್ತಿದ್ದದ್ದು ರೋಮಿನಲ್ಲಿ. ಯೆಹೂದ್ಯರೆಲ್ಲ ರೋಮ್ ಬಿಡಬೇಕು ಅಂತ ಚಕ್ರವರ್ತಿ ಕ್ಲೌದ್ಯನು ಆಜ್ಞೆ ಮಾಡಿದ್ದರಿಂದ ಗಂಟುಮೂಟೆ ಕಟ್ಟಿಕೊಂಡು ಕೊರಿಂಥಕ್ಕೆ ಬಂದಿದ್ದರು.

ಗಂಟುಮೂಟೆ ಅಂದಾಗ ನನಗೆ 2020 ನೆನಪಾಗುತ್ತದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯ್ತು. ಮುಂದೆ ಮುಂಬೈ, ಪುಣೆಯಿಂದ ನಮ್ಮ ಜನ ತಿರುಗಿ ಬಂದರು, ಶಾಲೆಗಳಲ್ಲಿ ಕ್ವಾರಂಟೈನ್ ಆದರು. ಆಗ ಊರಿನವರು ದೂರ ಸರಿದದ್ದು ನಿಮಗೆ ನೆನಪಿದೆ. ದುಡಿದು ಹಣ ಕಳಿಸುವಾಗ ನಮ್ಮವರು, ಕೈ ಖಾಲಿಯಾಗಿ ಬಂದಾಗ ರೋಗದವರು.

ಅಂಥ ನೋವು ಉಂಡ ಅಕ್ವಿಲ, ಪ್ರಿಸ್ಕಿಲ್ಲ ಏನು ಮಾಡಿದರು? ಪೌಲನಿಗೆ ಮನೆಯ ಬಾಗಿಲು ತೆರೆದರು. ಅದಕ್ಕೆ ಕಾರಣವನ್ನೂ ಲೂಕನು ಬರೆದಿದ್ದಾನೆ, ಕಸಬು ಒಂದೇ ಆಗಿತ್ತು, ಗುಡಾರ ಮಾಡುವುದು. ಅಷ್ಟು ಓದಿದ ಪೌಲ, ಗಮಲಿಯೇಲನ ಶಿಷ್ಯ, ಸೂಜಿ ಹಿಡಿದು ಕೂತ. ಕೈಕೆಲಸದ ಮರ್ಯಾದೆಯನ್ನು ಕಲ್ಯಾಣದವರಿಗೆ ನಾನು ಹೊಸದಾಗಿ ಕಲಿಸಬೇಕಾಗಿಲ್ಲ. 12ನೇ ಶತಮಾನದಲ್ಲಿ ಇದೇ ಊರಿನಲ್ಲಿ ಶರಣರು ಕಾಯಕದ ಮಾತಾಡಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ ಅಂತ ಕಸಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ನಾವು? ಡಿಗ್ರಿ ಆದ ಮಗ ಸಸ್ತಾಪುರ ಬಂಗ್ಲಾದ ಆಟೋನಗರದಲ್ಲಿ ವೆಲ್ಡಿಂಗ್ ಕಲೀತೇನೆ ಅಂದ್ರೆ ಜನ ಏನಂತಾರೆ ಅಂತ ಅಳುತ್ತೇವೆ. ಆರು ತಿಂಗಳು ಅಲ್ಲಿ ಕೈ ಕಪ್ಪು ಮಾಡಿಕೊಂಡು ಹೋದವನಿಗೆ, ಅನುಭವ ಇದೆಯಾ ಅಂತ ಕೇಳಿದಾಗ ಹೇಳಲು ಒಂದು ಮಾತಿರುತ್ತದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳನ್ನೂ ಮೊದಲು ಒಮ್ಮೆ ವಿಚಾರಿಸಿರಿ. ಐಟಿಐ, ಡಿಪ್ಲೊಮಾ ಆದವರು ಅಪ್ರೆಂಟಿಸ್ ಆಗಿ ಸೇರಬಹುದು, ಅದಕ್ಕೆ 1961ರ ಕಾಯ್ದೆಯೇ ಇದೆ, ಕಲಿಯುವಾಗ ಸ್ಟೈಪೆಂಡ್ ಕೊಡಬೇಕು. ಸರ್ಕಾರಿ ನೌಕರಿಗೆ 371ಜೆ ಮೀಸಲಾತಿ ಇದೆ, ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ. ಆದ್ರೆ ಒಂದು ನೋಟಿಫಿಕೇಶನ್ ಬರುತ್ತದೆ ಅಂತ ನಾಲ್ಕು ವರ್ಷ ಕೈಕಟ್ಟಿ ಕೂರಬೇಡಿ.

ಹೊರಡುವ ಮಕ್ಕಳೇ, ಇದು ನಿಮಗೆ. ನೌಕರಿ ಕೊಡಿಸ್ತೇನೆ ಅಂತ ಹಣ ಕೇಳಿದವನು ದೇವರ ಹೆಸರು ಹೇಳಿದರೂ ಒಂದು ರೂಪಾಯಿ ಕೊಡಬೇಡಿ. ರಿಜಿಸ್ಟ್ರೇಶನ್ ಅಂತಾನೆ, ಯೂನಿಫಾರ್ಮ್ ಅಂತಾನೆ, ಲ್ಯಾಪ್‌ಟಾಪ್ ಡಿಪಾಸಿಟ್ ಅಂತಾನೆ. ಆಫರ್ ಲೆಟರ್ ಬಂದರೆ ಕಂಪನಿಯ ಗೇಟಿಗೇ ಹೋಗಿ ತೋರಿಸಿ ಕೇಳ್ರಿ. ಆನ್‌ಲೈನಿನಲ್ಲಿ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ಕೈತಪ್ಪುತ್ತದೆ. ಅಸಲಿ ಮಾರ್ಕ್ಸ್‌ಕಾರ್ಡ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಪಗಾರದಲ್ಲಿ ಪಿಎಫ್ ಹಿಡಿದರೆ ಯುಎಎನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿ ಬದಲಾದರೂ ಆ ನಂಬರ್ ಬದಲಾಗೋದಿಲ್ಲ. ಮತ್ತೆ, ನೌಕರಿ ಸಿಗದ ತಿಂಗಳು ಮನೆಗೆ ಸುಳ್ಳು ಹೇಳಬೇಡಿ. ಸಿಕ್ಕಿದೆ ಅಂತ ಹೇಳಿ ಸಾಲ ಮಾಡಿ ಹಣ ಕಳಿಸಿದವರನ್ನು ನಾನು ನೋಡಿದ್ದೇನೆ.

ಇನ್ನು ಸಭೆಗೆ ಒಂದು ಮಾತು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದರೆ ಮೊದಲು ಸಿಗುವುದು ಫೊಯಿಬೆ ಎಂಬ ಸಹೋದರಿ. ಕೊರಿಂಥದ ಬಂದರು ಕೆಂಖ್ರೆಯ ಸಭೆಯವಳು. ಆಕೆ ರೋಮಿಗೆ ಬಂದಾಗ ಸೇರಿಸಿಕೊಳ್ಳಿರಿ, ಯಾವ ಕೆಲಸದಲ್ಲಿ ಸಹಾಯ ಬೇಕೋ ಅದರಲ್ಲಿ ಸಹಾಯ ಮಾಡಿರಿ ಅಂತ ಪೌಲನು ಕೇಳಿಕೊಳ್ಳುತ್ತಾನೆ. ಪಟ್ಟಣಕ್ಕೆ ಹೋಗುವ ಹೆಣ್ಣುಮಗಳಿಗೆ ಒಂದು ಪರಿಚಯದ ಮಾತು ಬೇಕು ಅಂತ ಅಪೊಸ್ತಲನಿಗೆ ಗೊತ್ತಿತ್ತು. ಮುಂದಿನ ವಚನದಲ್ಲೇ ಯಾರಿದ್ದಾರೆ ನೋಡ್ರಿ. ಪ್ರಿಸ್ಕಿಲ್ಲ, ಅಕ್ವಿಲ! ಅವರು ರೋಮಿಗೆ ತಿರುಗಿ ಹೋಗಿದ್ದಾರೆ, ಮತ್ತೆ ಅವರ ಮನೆಯಲ್ಲೇ ಸಭೆ ಕೂಡುತ್ತಿದೆ. ಹಲ್ಲೆಲೂಯ.

ನಾನು ಇಷ್ಟು ವರ್ಷ ಬಸ್ ನಿಲ್ದಾಣದ ತನಕ ಹೋಗಿ ಕೈ ಬೀಸಿ ಬಂದೆ, ಅಷ್ಟೇ. ಈಗ ಹೈದರಾಬಾದಿನ ಒಬ್ಬ ಪಾಸ್ಟರ್ ಜೊತೆ ಮಾತಾಡಿದ್ದೇನೆ, ತಂಗಿಯನ್ನು ಬಸ್ಸಿಗೆ ಬಂದು ಕರೆದುಕೊಂಡು ಹೋಗುತ್ತಾರೆ. ಬೆಂಗಳೂರಿಗೆ ಹೋಗುವ ಇಬ್ಬರಿಗೆ ಪೀಣ್ಯ, ದಾಸರಹಳ್ಳಿ ಕಡೆ ಒಂದು ತಿಂಗಳು ಜಾಗ ಬೇಕು. ನಿಮ್ಮ ಅಣ್ಣ, ಅಳಿಯ, ಚಿಕ್ಕಪ್ಪನ ಮಗ ಯಾರಾದ್ರೂ ಆ ಕಡೆ ಇದ್ದರೆ, ಆರಾಧನೆ ಮುಗಿದ ಮೇಲೆ ಹಾಗೇ ಹೋಗಬೇಡಿ, ನಂಬರ್ ಕೊಟ್ಟು ಹೋಗಿ. ಪುಣೆಗೆ ಇನ್ನೂ ಯಾರೂ ಸಿಕ್ಕಿಲ್ಲ.

ಸಭೆಯಲ್ಲಿ ಗುತ್ತೇದಾರಿ ಮಾಡುವ ಅಣ್ಣಂದಿರೂ ಇದ್ದೀರಿ. ಧರ್ಮೋಪದೇಶಕಾಂಡ 24:15 ಮನೆಯಲ್ಲಿ ಓದಿಕೊಳ್ಳಿ. ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕು, ಯಾಕಂದ್ರೆ ಅವನು ಬಡವ, ಅವನ ಮನಸ್ಸು ಅದರ ಮೇಲೇ ಇದೆ. ಸಾಮ್ಯದ ಯಜಮಾನ ಸಂಜೆಯೇ ಕೊಟ್ಟನು, ಅದೂ ಕೊನೆಗೆ ಬಂದವರಿಂದ ಶುರುಮಾಡಿ, ಪೂರ್ತಿ ದಿನದ ಕೂಲಿ. ಕೊನೆಗೆ ಬಂದವನ ಮನೆಯಲ್ಲೂ ಮಕ್ಕಳು ಅಷ್ಟೇ ಹಸಿದಿರ್ತಾವೆ. ಹತ್ತು ದಿನದ ಲೆಕ್ಕ ಬಾಕಿ ಇಟ್ಟು ದಶಮಾಂಶ ತಂದರೆ ನಾನು ತಗೊಳ್ಳೋದಿಲ್ಲ. ಹೆಸರು ಹೇಳೋದಿಲ್ಲ, ನೀವು ನಗಬೇಡಿ.

ಆ ನಾಲ್ಕು ಮಂದಿ ಮುಂದೆ ಬರ್ರಿ. ತಾಯಿತಂದೆಗಳೂ ಬರ್ರಿ. ಹಿಂದೆ ಕೂತವರಲ್ಲಿ ಕೆಲಸ ಇಲ್ಲದೆ ಇರೋರು, ಕೆಲಸ ಬಿಟ್ಟುಹೋಗಿ ಮನೆಯಲ್ಲಿ ಹೇಳದೆ ಇರೋರು ಇದ್ದರೆ ಅವರೂ ಬರ್ರಿ. ಯಾರೂ ಏನೂ ಕೇಳೋದಿಲ್ಲ. ಎಲ್ಲರೂ ಎದ್ದು ನಿಲ್ಲೋಣ.

ಕರ್ತನೇ, ಸಂತೆಗೆ ಐದು ಸಾರಿ ಹೋದ ಯಜಮಾನನೇ, ಈ ಮಕ್ಕಳು ನಿಲ್ಲುವ ಗೇಟಿನ ಮುಂದೆ ನೀನೂ ಇರು. ಅವರು ಹೋಗುವ ಊರಿನಲ್ಲಿ ಒಂದು ಅಕ್ವಿಲನ ಮನೆ ತೋರಿಸು. ಅಂದು ನಾನು ನೋಯಿಸಿದ ಆ ಮಗನಿಗೆ ಸಮಾಧಾನ ಕೊಡು, ಅಡವಿಟ್ಟ ಅವನ ತಾಯಿಯ ಬಂಗಾರ ತಿರುಗಿ ಅವರ ಕೈಗೆ ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.