ಆಲೋಚನೆಯ ಸ್ತರಗಳು ಮತ್ತು ಗಡಿಭಾಗದ ಕನ್ನಡ ತರಗತಿ

ಉಮರ್ಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಕನ್ನಡ ತರಗತಿಗೆ ಬರುವ ಹಲವು ವಿದ್ಯಾರ್ಥಿಗಳ ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಕನ್ನಡವನ್ನು ಸರಾಗವಾಗಿ ಆಡಬಲ್ಲವರು ಓದುವಾಗ ತಡವರಿಸುತ್ತಾರೆ; ದೇವನಾಗರಿಯಲ್ಲಿ ಪುಟ ತುಂಬಿಸಬಲ್ಲ ಕೈ ಕನ್ನಡದ ಒತ್ತಕ್ಷರದ ಬಳಿ ನಿಲ್ಲುತ್ತದೆ. ಇಂತಹ ತರಗತಿಯಲ್ಲಿ ಪ್ರಶ್ನೆಗಳು ‘ಕವಿ ಯಾರು, ಕೃತಿ ಯಾವುದು’ ಎಂಬಲ್ಲಿಗೇ ಇಳಿಯುವುದುಂಟು. ಮೊದಲು ಭಾಷೆ ಬರಲಿ, ವಿಚಾರ ಆಮೇಲೆ ಎಂಬುದು ಅದರ ಹಿಂದಿನ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಬೌದ್ಧಿಕ ಗುರಿಗಳನ್ನು ಆರು ಸ್ತರಗಳಾಗಿ ವರ್ಗೀಕರಿಸಿದರು. 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಅದನ್ನು ಪರಿಷ್ಕರಿಸಿದರು. ಪರಿಷ್ಕೃತ ಕ್ರಮ ಹೀಗಿದೆ: ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಜನ. ಇವು ಆಲೋಚನೆಯ ಸ್ತರಗಳೇ ಹೊರತು ಭಾಷಾಪ್ರೌಢಿಮೆಯ ಸ್ತರಗಳಲ್ಲ. ಬರವಣಿಗೆ ನಿಧಾನವಾದ ವಿದ್ಯಾರ್ಥಿಯ ವಿಚಾರವೂ ನಿಧಾನವೆಂದು ಭಾವಿಸಲಾಗದು.

ಒಂದು ಸರಳ ವಾಕ್ಯವನ್ನು ನೋಡೋಣ: ‘ನಾವು ನಾಳೆ ಉದಗೀರಕ್ಕೆ ಹೋಗುತ್ತೇವೆ.’ ಇದನ್ನು ಮರಾಠಿಗೆ ತರುವಾಗ ‘ನಾವು’ ಎಂಬುದಕ್ಕೆ ಎರಡು ರೂಪಗಳು ಎದುರಾಗುತ್ತವೆ. ಕೇಳುವವನೂ ಸೇರಿದ್ದರೆ ‘ಆಪಣ’, ಅವನು ಹೊರಗುಳಿದರೆ ‘ಆಮ್ಹಿ’. ಕನ್ನಡದ ಒಂದೇ ಪದ ಎರಡನ್ನೂ ಹೊರುತ್ತದೆ. ಆದ್ದರಿಂದ ಅನುವಾದಿಸುವ ವಿದ್ಯಾರ್ಥಿ ಸಂದರ್ಭವನ್ನು ವಿಶ್ಲೇಷಿಸದೆ ಮುಂದೆ ಹೋಗಲಾರ. ಕಾವ್ಯವೊಂದರಲ್ಲಿ ಬರುವ ‘ನಾವು’ ಓದುಗನನ್ನು ಒಳಗೊಂಡಿದೆಯೋ ಇಲ್ಲವೋ ಎಂದು ಕೇಳಿದೊಡನೆ ಅವನ ಮರಾಠಿ ಶಿಕ್ಷಣವೇ ಕನ್ನಡ ಪಾಠಕ್ಕೆ ಸಾಧನವಾಗುತ್ತದೆ.

ಈ ಸ್ತರಗಳನ್ನು ಪಾಠವೊಂದಕ್ಕೆ ಅಳವಡಿಸಲು ‘ಕವಿರಾಜಮಾರ್ಗ’ವನ್ನು ತೆಗೆದುಕೊಳ್ಳಬಹುದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹರಡಿದೆ ಎಂದು ಒಂಬತ್ತನೆಯ ಶತಮಾನದ ಆ ಕೃತಿ ಹೇಳುತ್ತದೆ. ನದಿಗಳ ಹೆಸರನ್ನೂ ಕೃತಿಯ ಕಾಲವನ್ನೂ ಹೇಳುವುದು ಸ್ಮರಣೆ. ಆ ಮಾತನ್ನು ಸ್ವಂತ ವಾಕ್ಯದಲ್ಲಿ ವಿವರಿಸುವುದು ಗ್ರಹಿಕೆ. ನಮ್ಮ ಭಾಗದ ಮಾಂಜರಾ ಗೋದಾವರಿಯ ಉಪನದಿ. ನಕ್ಷೆಯನ್ನು ಮುಂದಿಟ್ಟು ತಮ್ಮ ಊರು ಆ ಎಲ್ಲೆಯೊಳಗೆ ಬರುವುದೇ ಎಂದು ಗುರುತಿಸುವುದು ಅನ್ವಯ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮರಾಠವಾಡದೊಂದಿಗೆ ಮುಂಬಯಿ ರಾಜ್ಯಕ್ಕೆ ಸೇರಿದವು. ಪ್ರಾಚೀನ ಕೃತಿಯ ‘ನಾಡು’ ಮತ್ತು ಆಧುನಿಕ ‘ರಾಜ್ಯ’ ಇವೆರಡರ ಅಂತರವನ್ನು ಬಿಡಿಸಿ ನೋಡುವುದು ವಿಶ್ಲೇಷಣೆ. ಆ ಮಾತು ಇಂದಿನ ಗಡಿಗೆ ಪ್ರಮಾಣವಾಗಬಲ್ಲುದೇ ಎಂದು ತೂಗುವುದು ಮೌಲ್ಯಮಾಪನ. ಗೋದಾವರಿಯ ದಡದ ಪೈಠಣವೇ ಮರಾಠಿಯ ಸಂತಕವಿ ಏಕನಾಥರ ನೆಲೆಯೆಂಬುದನ್ನೂ ಆಗ ತಕ್ಕಡಿಯಲ್ಲಿ ಇಡಬೇಕಾಗುತ್ತದೆ. ಮನೆಯ ಹಿರಿಯರಿಂದ ಹೊಲ, ಅಡುಗೆ, ಬಂಧುತ್ವಗಳ ಪದಗಳನ್ನು ಸಂಗ್ರಹಿಸಿ, ತಮ್ಮ ಊರಿನ ಎರಡು ನುಡಿಗಳ ಬಾಳ್ವೆಯ ಕುರಿತು ಒಂದು ಪುಟ ಬರೆಯುವುದು ಸೃಜನ.

ಗಡಿಭಾಗದಲ್ಲಿ ಈ ಅಭ್ಯಾಸಕ್ಕೆ ವಿಶೇಷ ಮಹತ್ವವಿದೆ. ಕೇವಲ ಕಂಠಪಾಠವಾದ ಎಲ್ಲೆಯ ಮಾತು ಘೋಷಣೆಯಾಗುತ್ತದೆ. ತೂಗಿ ನೋಡಿದ ಮಾತು ತಿಳಿವಳಿಕೆಯಾಗುತ್ತದೆ. ಹಾಗೆಂದು ಸ್ಮರಣೆಯನ್ನು ಕಡೆಗಣಿಸುವಂತಿಲ್ಲ. ನದಿಯ ಹೆಸರನ್ನೇ ಅರಿಯದವನು ಎಲ್ಲೆಯನ್ನು ಕುರಿತು ತೀರ್ಪು ಹೇಳಲಾರ.

ಕಾರ್ಯರೂಪಕ್ಕೆ ಎರಡು ಸಲಹೆಗಳು. ಪ್ರತಿ ಪಾಠದ ಐದು ಪ್ರಶ್ನೆಗಳಲ್ಲಿ ಎರಡಾದರೂ ಮೇಲಿನ ಮೂರು ಸ್ತರಗಳಿಗೆ ಸೇರಿರಲಿ. ಅವುಗಳ ಚರ್ಚೆ ಬೇಕಾದರೆ ಮರಾಠಿಯಲ್ಲಿ ನಡೆಯಲಿ. ಉತ್ತರವನ್ನು ಮಾತ್ರ ಕನ್ನಡದಲ್ಲಿ, ಮೂರೇ ವಾಕ್ಯಗಳಾದರೂ ಸರಿ, ವಿದ್ಯಾರ್ಥಿಯೇ ಬರೆಯಲಿ. ಹೇಳಬೇಕಾದ ವಿಚಾರ ಮನಸ್ಸಿನಲ್ಲಿದ್ದರೆ ಒತ್ತಕ್ಷರ ಕಲಿಯಲು ಕಾರಣವೂ ದೊರೆಯುತ್ತದೆ.